ನಡುಮನೆಯಲ್ಲಿ ನಿಲ್ಲುವ ನೀರು

ಬೆಳಗ್ಗೆ ಏಳೂವರೆಯಾದರೂ ಟೇಪು ಸಿಗಲಿಲ್ಲ. ದೇವರಾಜು ತನ್ನ ಕೋಣೆಯ ಮೇಜಿನ ಮೇಲೆ, ಚೀಲದಲ್ಲಿ, ಮಂಚದ ಕೆಳಗೆ ಹುಡುಕಿ, ಕೊನೆಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಅದಕ್ಕಿಂತ ಒಳಗೆ ಹೋಗಲು ಜಾಗವಿರಲಿಲ್ಲ. ಅವನ ತಮ್ಮನ ಹೆಂಡತಿ ಗಗನ ಒಲೆಯ ಮುಂದೆ ನಿಂತಿದ್ದಳು. ಅವಳ ಬೆನ್ನಿಗೆ ಬೆನ್ನು ತಾಗುವಂತೆ ಮಗಳು ಸಿಂಚನ ಕ್ಯಾರೆಟ್ ಹೆಚ್ಚುತ್ತಿದ್ದಳು. ಮೂರನೆಯವರು ಒಳಗೆ ಬರಬೇಕಾದರೆ ಇಬ್ಬರಲ್ಲಿ ಒಬ್ಬರು ಹೊರಗೆ ಹೋಗಬೇಕು.

"ನನ್ನ ಟೇಪು ಕಂಡ್ರೇನಮ್ಮ?"

"ನಾನೇ ತಗೊಂಡಿದ್ದೆ ದೊಡ್ಡಪ್ಪ. ಫ್ರಿಜ್ ಮೇಲಿದೆ ನೋಡಿ."

"ಊರೋರ ಮನೆಯೆಲ್ಲ ಅಳೀತೀರಲ್ಲ ಭಾವ," ಗಗನ ತಿರುಗದೆಯೇ ಹೇಳಿದಳು. "ಈ ಅಡುಗೆಮನೆ ಒಂದ್ಸಲ ಅಳೆದು ಬರ್ಕೊಳಿ. ಯಾವ ಶೈಲಿ ಅಂತ ಹಾಕ್ತೀರೋ ನೋಡೋಣ."

"ರೈಲ್ವೆ ಡಬ್ಬಿ ಶೈಲಿ," ಸಿಂಚನ ಅಂದಳು.

ದೇವರಾಜು ಮಾತಿಗೆ ಮಾತು ಸೇರಿಸುವವನಲ್ಲ. ಟೇಪು ತಂದು ನಿಜಕ್ಕೂ ಅಳೆದ. ಅಗಲ ಆರು ಅಡಿ ಮೂರು ಇಂಚು, ಉದ್ದ ಹನ್ನೊಂದು ಅಡಿ. ಕೊನೆಯ ಮೂಲೆಯಲ್ಲಿ ಗೋಡೆ ಒಂದೂವರೆ ಅಡಿ ಉಬ್ಬಿಕೊಂಡಿತ್ತು. ಆ ಉಬ್ಬಿನ ದೆಸೆಯಿಂದಲೇ ಫ್ರಿಜ್ ನಡುಮನೆಯಲ್ಲಿ ನಿಂತಿತ್ತು. ಕಿಟಕಿ ಇರಲಿಲ್ಲ. ಒಗ್ಗರಣೆ ಹಾಕಿದಾಗಲೆಲ್ಲ ಘಾಟು ನಡುಮನೆಗೆ ನುಗ್ಗಿ, ಅಲ್ಲಿ ಮೂಲೆಯ ಮಂಚದ ಮೇಲೆ ಮಲಗುವ ಅವನ ತಾಯಿ ಚಾಮುಂಡಮ್ಮ ಕೆಮ್ಮುತ್ತಿದ್ದಳು. ಈಗಲೂ ಕೆಮ್ಮಿದಳು.

"ಉಪ್ಪುಖಾರ ಇಲ್ದಿರೋ ಅಡುಗೇಗೂ ಇಷ್ಟು ಘಾಟಾ?"

"ಇದು ನಮ್ಮ ಮನೇದು ಅತ್ತೆ. ಅವರದು ಇನ್ನೂ ಒಲೆ ಮೇಲೇ ಇಟ್ಟಿಲ್ಲ."

'ಅವರು' ಎಂದರೆ ಗೋಕುಲಂನಲ್ಲಿ ಯೋಗ ಕಲಿಯಲು ಬಂದು ತಿಂಗಳುಗಟ್ಟಲೆ ಉಳಿಯುವ ವಿದೇಶದವರು. ಮೂರು ವರ್ಷದಿಂದ ಗಗನ ಅವರಿಗೆ ಮಧ್ಯಾಹ್ನದ ಊಟ ಕಳಿಸುತ್ತಿದ್ದಳು. ದಿನಕ್ಕೆ ಮೂವತ್ತೆರಡು ಸ್ಟೀಲ್ ಡಬ್ಬಿ. ಹನ್ನೊಂದಕ್ಕೆಲ್ಲ ಕಟ್ಟಿ, ಸ್ಕೂಟರಿನ ಹಿಂದೆ ಮುಂದೆ ಚೀಲ ತೂಗುಹಾಕಿಕೊಂಡು ತಾನೇ ಹೋಗಿ ಕೊಟ್ಟು ಬರುತ್ತಿದ್ದಳು. ಅಲ್ಲಿಯ ಯೋಗಶಾಲೆಯೊಂದು ಫೆಬ್ರವರಿ ಒಂದರಿಂದ ಅರವತ್ತು ಡಬ್ಬಿ ಕೊಡಲಾಗುತ್ತದೆಯೇ ಎಂದು ಕೇಳಿತ್ತು. ಸಂಕ್ರಾಂತಿಯೊಳಗೆ ಹೇಳಬೇಕು. ಇಲ್ಲವೆಂದರೆ ಇರುವ ಮೂವತ್ತೆರಡೂ ಬೇರೆಯವರ ಪಾಲು. ಅವರಿಗೆ ಎರಡು ಕಡೆಯ ಅಡುಗೆ ಬೇಡವಂತೆ.

ಈ ಅಡುಗೆಮನೆಯಲ್ಲಿ ಅರವತ್ತು ಆಗುವುದಿಲ್ಲ ಎಂಬುದು ಮನೆಯವರೆಲ್ಲರಿಗೂ ಗೊತ್ತಿತ್ತು. ಅದಕ್ಕೇ ಮನೆ ಕೆಡವಿ ಮೂರು ಅಂತಸ್ತು ಕಟ್ಟಬೇಕೆಂಬ ತಮ್ಮ ಪ್ರಸಾದನ ಹಳೆಯ ಮಾತಿಗೆ ಈ ವರ್ಷ ಕೈಕಾಲು ಬಂದಿತ್ತು. ಕಟ್ಟಿ ಮುಗಿಯುವ ತನಕ ಇರಲು ವಿಜಯನಗರದಲ್ಲಿ ಬಾಡಿಗೆ ಮನೆ ನೋಡಿದ್ದರು. ಆ ಮನೆಯ ಅಡುಗೆಕೋಣೆಗೆ ಎರಡು ಕಿಟಕಿ. ಗಗನ ಅದರ ಫೋಟೊ ತೆಗೆದುಕೊಂಡು ಬಂದಿದ್ದಳು. ಹಾಲ್ ಬೇಡ, ಬೆಡ್‌ರೂಮ್ ಬೇಡ, ಬರೀ ಅಡುಗೆಕೋಣೆಯ ಫೋಟೊ.

*

ದೇವರಾಜು ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತನಾಗಿದ್ದ. ಹೆಂಡತಿ ಪುಟ್ಟತಾಯಮ್ಮ ತೀರಿಕೊಂಡು ಒಂಬತ್ತು ವರ್ಷ. ಮಗಳು ಮದುವೆಯಾಗಿ ಮಂಡ್ಯದಲ್ಲಿದ್ದಳು. ಊರಿನಲ್ಲಿ ಉಳಿಸಬೇಕಾದ ಹಳೆಯ ಮನೆಗಳನ್ನು ಪಟ್ಟಿ ಮಾಡುತ್ತಿದ್ದ ಸಂಸ್ಥೆಯೊಂದು, ಅಳತೆಯ ಕೆಲಸ ಗೊತ್ತಿರುವವರು ಬೇಕೆಂದಾಗ ಇವನು ಹೆಸರು ಕೊಟ್ಟ. ಜೊತೆಗೆ ಸಿಕ್ಕವಳು ಲಹರಿ, ಆರ್ಕಿಟೆಕ್ಚರ್ ಓದುತ್ತಿದ್ದ ಹುಡುಗಿ. ಶೈಲಿಗಳ ಹೆಸರನ್ನು ಅವಳೇ ಇವನಿಗೆ ಕಲಿಸಿದ್ದು. ಎಂಟು ತಿಂಗಳಾದ ಮೇಲೆ ಅವಳೇ ಇವನನ್ನು ಕೇಳುವಂತಾಗಿತ್ತು.

ಡಿಸೆಂಬರಿನ ಎರಡನೆಯ ವಾರ ಅವರು ಅಗ್ರಹಾರದ ಅನಂತಪದ್ಮನಾಭ ಎಂಬವರ ಮನೆಯ ಮುಂದೆ ನಿಂತಿದ್ದರು. ಬಾಗಿಲ ಮೇಲೆ ಚೂಪುತುದಿಯ ಮರದ ಜಾಲರಿಯ ಚಾಚು.

"ಮಂಕಿ ಟಾಪ್ ಬಂಗಲೆ ಅಂತ ಹಾಕ್ಲಾ ಸರ್?"

"ಆ ಟೊಪ್ಪಿ ತೆಗೆದು ನೋಡಮ್ಮ. ಏನುಳಿಯಿತು? ಜಗಲಿ, ಕಲ್ಲುಕಂಬ. ಪಕ್ಕದ ಮನೆಗೂ ಇದಕ್ಕೂ ಒಂದೇ ಗೋಡೆ. ಇದು ಸಾಲುಮನೆ. ಯಾರೋ ಬೆಂಗಳೂರು ಬಂಗಲೆ ನೋಡ್ಕೊಂಡು ಬಂದು ಟೊಪ್ಪಿ ಹಾಕ್ಸಿದ್ದಾರೆ."

ಜಗಲಿಯ ಮೇಲೆ ಕುಳಿತಿದ್ದ ಅನಂತಪದ್ಮನಾಭ ನಕ್ಕರು. "ನಮ್ಮ ತಾತ ಕಣ್ರೀ. ಮಾವನ ಮನೆಯವರು ಬರ್ತಾರೆ ಅಂತ ಹಾಕ್ಸಿದ್ರಂತೆ."

"ಮುಖ ನೋಡಿ ಇಸವಿ ಹೇಳಬಾರ್ದು," ದೇವರಾಜು ಲಹರಿಗೆ ಹೇಳಿದ. "ಮುಖ ಬದಲಾಯಿಸೋದು ಸುಲಭ. ಒಳಗೆ ಹೋಗಿ ಹೊಟ್ಟೆ ನೋಡ್ಬೇಕು."

ಹೊಟ್ಟೆ ನೋಡುವ ಕ್ರಮ ಅವನಿಗೆ ಬಾಯಿಪಾಠವಾಗಿತ್ತು. ತಾರಸಿಯಲ್ಲಿ ತೇಗದ ತೊಲೆಗಳ ಮೇಲೆ ಓರೆಯಾಗಿ ನಿಲ್ಲಿಸಿದ ಸಣ್ಣ ಇಟ್ಟಿಗೆ ಕಂಡರೆ ಅದು ಮದ್ರಾಸ್ ತಾರಸಿ, ಸಿಮೆಂಟು ಬರುವುದಕ್ಕೆ ಮೊದಲಿನದು. ನಡುವೆ ಆಕಾಶ ಕಂಡರೆ ತೊಟ್ಟಿಮನೆ. ಮೂಲೆಗಳು ದುಂಡಗಿದ್ದು, ಗೋಡೆಯ ಮೇಲೆ ಮೂರು ಗೆರೆ ಓಡಿದ್ದರೆ ಸ್ವಾತಂತ್ರ್ಯದ ಆಚೀಚೆಯದು. ಆಮೇಲೆ ಪ್ರತಿ ಮನೆಯಲ್ಲೂ ಮೂಲ ಅಡುಗೆಮನೆಯನ್ನು ಗುರುತಿಸಬೇಕು. ಫಾರಮಿನ ಹದಿನಾಲ್ಕನೆಯ ಕಾಲಂ ಅದಕ್ಕಾಗಿಯೇ ಇತ್ತು: ಮೂಲ ಅಡುಗೆಮನೆಯ ಈಗಿನ ಬಳಕೆ.

"ಈ ಕೋಣೆ," ಎಂದು ಅವನು ಮೂರು ಮಂಚ ಹಾಕಿದ್ದ ಕೋಣೆಯೊಳಗೆ ನಿಂತು ಹೇಳಿದ. "ತೊಲೆ ಕಪ್ಪಗಿದೆ, ಬೇರೆ ಕೋಣೇದು ಕಂದು. ಅದು ಮಸಿ. ಮೇಲೆ ನೋಡು, ಹೊಗೆ ಹೋಗೋ ಕಿಂಡಿ, ಹಲಗೆ ಹೊಡೆದು ಮುಚ್ಚಿದ್ದಾರೆ. ನೆಲದಲ್ಲಿ ದುಂಡಗೆ ಗಾರೆ ತೇಪೆ ಇದೆಯಲ್ಲ, ಅಲ್ಲಿ ಒರಳು ಹೂತಿತ್ತು."

ಕಾಫಿ ತಂದ ಮನೆಯಾಕೆ ಕಮಲ ಲೋಟ ಕೊಡುತ್ತಾ ಇಣುಕಿ ಕೇಳಿದರು. "ಈಗ ಪಿ.ಜಿ. ಹುಡುಗೀರು ಇದ್ದಾರೆ ಅಂತ ಬರ್ಕೊಳ್ಳಿ. ಅಲ್ಲಿ ಬೇಯಿಸಿದೋರ ಹೆಸರಿಗೆ ಕಾಲಂ ಇಲ್ವೇನು?"

"ಇಲ್ಲಮ್ಮ."

"ನನಗೆ ಗೊತ್ತಿತ್ತು," ಎಂದು ಅವರು ಒಳಗೆ ಹೋದರು.

ಅವತ್ತು ವಾಪಸು ಬರುವಾಗ ದೇವರಾಜುವಿನ ಮನೆಯ ಫಾರಮನ್ನೂ ಮುಗಿಸಿದರು. ಸ್ವಂತ ಮನೆಗೆ ತಾನೇ ಸಹಿ ಹಾಕುವಂತಿಲ್ಲ, ಆದ್ದರಿಂದ ಲಹರಿ ತುಂಬಿದಳು, ಇವನು ಹೇಳಿದ. ಮುಂಗಡೆಯ ವೆರಾಂಡಕ್ಕೆ ದುಂಡುಮೂಲೆ, ಮೂರು ಗೆರೆ, ನೆತ್ತಿಯ ಮೇಲೆ ಗಾರೆಯಲ್ಲಿ ೧೯೫೨. ಸುತ್ತಲಿನ ಕೋಣೆಗಳಿಗೆ ಮದ್ರಾಸ್ ತಾರಸಿ, ನಡುಮನೆಗೆ ಮಾತ್ರ ಕಾಂಕ್ರೀಟು. ಇದನ್ನು ಅವನು ವಿವರಿಸಿದ: ಆಗ ಸಿಮೆಂಟು ದುಬಾರಿ, ಆದ್ದರಿಂದ ದೊಡ್ಡ ಕೋಣೆಗೆ ಮಾತ್ರ ಹಾಕಿ ಉಳಿದದ್ದನ್ನು ಹಳೆಯ ಕ್ರಮದಲ್ಲೇ ಕಟ್ಟುತ್ತಿದ್ದ ಕಾಲ. ಲಹರಿ ತಲೆಯಾಡಿಸಿ ಬರೆದುಕೊಂಡಳು. ಸಾಧಾರಣ, ಶಿಫಾರಸು ಇಲ್ಲ. ಕಾಲಂ ಹದಿನಾಲ್ಕು: 'ಬದಲಾಗಿಲ್ಲ. ಅಡುಗೆಮನೆ.' ಇಪ್ಪತ್ತು ನಿಮಿಷದಲ್ಲಿ ಮುಗಿಯಿತು.

*

ಭಾನುವಾರ ಹಿತಕಿದ ಅವರೆಬೇಳೆ ಸಾರು. ಹಿಂದಿನ ದಿನ ನೆನೆಹಾಕಿದ ಕಾಳನ್ನು ಎಲ್ಲರೂ ನಡುಮನೆಯಲ್ಲಿ ಕುಳಿತು ಹಿತಕಿದರು. ಪ್ರಸಾದ್ ಫ್ಲೆಕ್ಸ್ ಅಂಗಡಿಗೆ ರಜ ಮಾಡಿ, ಇಂಜಿನಿಯರ್ ರುದ್ರಸ್ವಾಮಿ ಬರೆದುಕೊಟ್ಟ ನಕ್ಷೆಯನ್ನು ತಾಯಿಯ ಮಂಚದ ಮೇಲೆ ಹರಡಿದ.

"ಅವ್ವ, ಕೆಳಗೆ ನೀನು, ಅಣ್ಣ. ಮಧ್ಯೆ ನಾವು. ಮೇಲಿನದು ಬಾಡಿಗೆಗೆ."

ಚಾಮುಂಡಮ್ಮ ನಕ್ಷೆ ನೋಡಲಿಲ್ಲ. ಎಂಬತ್ತರ ಬೆರಳುಗಳು ಕಾಳು ಹಿತಕುವುದರಲ್ಲಿ ಮೊಮ್ಮಗಳಿಗಿಂತ ಚುರುಕಾಗಿದ್ದವು. "ಬಚ್ಚಲು ಎಷ್ಟು?"

"ನಾಕು."

"ಒರಸೋ ನೆಲ?"

"ಎಲ್ಲ ಟೈಲ್ಸು ಕಣವ್ವ. ಕೋಲಲ್ಲಿ ನಿಂತ್ಕೊಂಡೇ ಒರಸ್ಬೋದು."

"ಅಂಗಾದ್ರೆ ಕೆಡವ್ರಪ್ಪ. ನನ್ನ ಮಂಡಿ ತಿಂದಿರೋ ಮನೆ ಇದು."

"ನಿಂಗೆ ಬೇಜಾರಾಗಲ್ವಾ ಅಜ್ಜಿ?" ಸಿಂಚನ ಕೇಳಿದಳು. "ಎಲ್ಲಾರ ಮನೇಲೂ ಅಜ್ಜಿದೀರು ಹಳೇ ಮನೆ ಕೆಡವ್ಬೇಡಿ ಅಂತ ಅಳ್ತಾರೆ."

"ಅವರು ಒರಸಿರಕ್ಕಿಲ್ಲ ಬುಡು."

ಎಲ್ಲರೂ ನಕ್ಕರು. ಗಗನ ಬಹಳ ದಿನಗಳ ಮೇಲೆ ನಕ್ಕಳು. ದೇವರಾಜು ಸಿಪ್ಪೆ ಅಂಟಿದ ಕೈ ಒರೆಸಿಕೊಂಡು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ. ಅವನಿಗೂ ತಕರಾರಿರಲಿಲ್ಲ. ಪ್ರತಿ ಮಳೆಗಾಲವೂ ನಡುಮನೆಯ ತಾರಸಿ ಅಂಚಿನಲ್ಲಿ ಸುತ್ತಲೂ ಚೌಕವಾಗಿ ಸೋರುತ್ತಿತ್ತು, ಟಾರು ಬಳಿದೂ ಬಳಿದೂ ಸಾಕಾಗಿತ್ತು.

"ನಿನ್ನ ಪಟ್ಟೀಲಿ ನಮ್ಮನೆ ಇಲ್ಲ ತಾನೆ ಅಣ್ಣ?" ಪ್ರಸಾದ್ ಕೇಳಿದ. "ಪಟ್ಟಿಗೆ ಬಂದ್ರೆ ಕೆಡವೋಕೆ ಕಮಿಟಿ ಒಪ್ಬೇಕಂತೆ. ವರ್ಷಗಟ್ಟಲೆ ಎಳೀತಾರೆ ಅಂದ್ರು ರುದ್ರಸ್ವಾಮಿ."

"ಇಲ್ಲ. ಐವತ್ತೆರಡರ ಸಾಧಾರಣ ಮನೆ."

"ನಿನ್ನ ಬಾಯಿಗೆ ಸಕ್ಕರೆ ಹಾಕ."

*

ಜನವರಿಯ ಮೊದಲ ವಾರ ಚಾಮುಂಡಮ್ಮನ ಬಲಮಂಡಿ ಊದಿಕೊಂಡಿತು. ಕುಕ್ಕುರುಗಾಲಲ್ಲಿ ಕೂರಲೇಬಾರದೆಂದು ಡಾಕ್ಟರು ಹೇಳಿದರು. ಆ ಮನೆಯಲ್ಲಿ ನಡುಮನೆ ಒರೆಸುವುದು ಆಕೆಯ ಕೆಲಸ. ಐವತ್ತೊಂಬತ್ತು ವರ್ಷ ಬೇರೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಎರಡು ದಿನ ನೆಲ ಹಾಗೇ ಇತ್ತು. ಮೂರನೆಯ ದಿನ ಕಾಲಿಗೆ ಅಂಟತೊಡಗಿತು.

"ಸಿಂಚನಂಗೆ ಇಂಟರ್ನಲ್ಸ್. ನನಗೆ ಡಬ್ಬಿ," ಗಗನ ಬಕೆಟ್ಟು ತಂದು ದೇವರಾಜುವಿನ ಮುಂದೆ ಇಟ್ಟಳು. "ಭಾವ, ನೀವೊಂದು ಒರಸ್ಬುಡಿ."

ಅರವತ್ತೊಂದು ವರ್ಷದಲ್ಲಿ ದೇವರಾಜು ನೆಲ ಒರೆಸಿದ್ದು ಅದೇ ಮೊದಲು. ಪಂಚೆ ಎತ್ತಿ ಕಟ್ಟಿ, ಬಟ್ಟೆ ಅದ್ದಿ, ಗೋಡೆಯ ಕಡೆಯಿಂದ ಶುರುಮಾಡಿದ. ಕೆಂಪು ನೆಲ ಹಿಂದೆ ಹಿಂದೆಯೇ ಹೊಳೆಯುತ್ತ ಬಂತು. ಮಧ್ಯಕ್ಕೆ ಬಂದಾಗ ನೀರು ಒಣಗದೆ ನಿಂತಿತು.

"ಅಲ್ಲಿ ಎರಡು ಸಲ ಹಿಂಡ್ಬೇಕು ಕಣ್ಲಾ," ಮಂಚದಿಂದ ತಾಯಿಯ ಧ್ವನಿ. "ಅಲ್ಲಿ ನೀರು ನಿಲ್ತದೆ."

ಅವನು ಎರಡು ಸಲ ಹಿಂಡಿದ. ಮಾರನೆಯ ದಿನವೂ ನೀರು ಅಲ್ಲೇ ನಿಂತಿತು. ಅದರ ಮಾರನೆಯ ದಿನವೂ. ಲ್ಯಾಬಿನಲ್ಲಿ ಅವನು ಹುಡುಗರಿಗೆ ಹೇಳುತ್ತಿದ್ದ ಮಾತೊಂದಿತ್ತು: ಅಳತೆ ಒಮ್ಮೆ ತಪ್ಪಿದರೆ ಕೈ ನೋಡಿಕೋ, ಮೂರು ಸಲ ಒಂದೇ ಕಡೆಗೆ ತಪ್ಪಿದರೆ ವಸ್ತುವನ್ನು ನೋಡು. ಒಳಗೆ ಹೋಗಿ ರಸಮಟ್ಟ ತಂದ. ನೆಲದ ಮೇಲೆ ಅಡಿಗೊಂದು ಸಲ ಇಟ್ಟು, ಸೀಮೆಸುಣ್ಣದಲ್ಲಿ ಗುರುತು ಮಾಡುತ್ತ ಹೋದ. ಗುರುತುಗಳನ್ನು ಸೇರಿಸಿದಾಗ ನಡುಮನೆಯ ಒಳಗೆ ಇನ್ನೊಂದು ಚೌಕ ಮೂಡಿತು, ಹನ್ನೆರಡು ಅಡಿಗೆ ಹತ್ತು. ಚೌಕದೊಳಗೆ ನೆಲ ಮುಕ್ಕಾಲು ಇಂಚು ತಗ್ಗು, ಕೆಂಪೂ ಒಂದು ಛಾಯೆ ಬೇರೆ. ತಲೆಯೆತ್ತಿ ನೋಡಿದ. ಮಳೆಗಾಲದಲ್ಲಿ ಸೋರಿ ಕಪ್ಪಾದ ಗೆರೆ ನೆಲದ ಚೌಕದ ನೇರ ಮೇಲಕ್ಕೆ ಇತ್ತು.

"ಅವ್ವ, ಇಲ್ಲಿ ಏನಿತ್ತು?"

"ಎಲ್ಲಿ?"

"ಈ ಮಧ್ಯೆ."

"ತೊಟ್ಟಿ," ಎಂದಳು ಚಾಮುಂಡಮ್ಮ, ಮಂಡಿಗೆ ಹರಳೆಣ್ಣೆ ಹಚ್ಚಿಕೊಳ್ಳುತ್ತ.

ಅವನು ಬಕೆಟ್ಟಿನ ಪಕ್ಕ ಹಾಗೇ ಕುಳಿತ. "ಯಾವತ್ತೂ ಹೇಳ್ಲಿಲ್ವಲ್ಲ."

"ನೀನು ಯಾವತ್ತು ಕೇಳ್ದೆ?"

"ಮುಂದೆ ಐವತ್ತೆರಡು ಅಂತ ಬರೆದಿದೆ."

"ಅದು ವೆರಾಂಡ ಕಟ್ಸಿದ್ದು. ಅರಮನೆ ಗುಮಾಸ್ತರು ಈ ಮನೆ ಮಾರ್ದಾಗ ಹೇಳಿದ್ರು ನಿಮ್ಮಪ್ಪಂಗೆ, ಒಳಮನೆ ನಮ್ಮ ತಾತ ಕಟ್ಸಿದ್ದು ಅಂತ. ನಾವು ಮಂಡಕಳ್ಳಿ ಬುಟ್ಟು ಬಂದಾಗ ನಿಂಗೆ ಎರಡು ವರ್ಷ. ಮಾರನೇ ವರ್ಷವೇ ಮುಚ್ಚುಸ್ಬುಟ್ಟೆ."

"ನೀನಾ?"

"ಇನ್ಯಾರು? ಮಳೆ ಬಂದ್ರೆ ಮನೆ ಮಧ್ಯೆ ಕೆರೆ. ಮಳೆ ಇಲ್ದಿದ್ರೆ ಊರು. ದೊಡ್ಡಾಸ್ಪತ್ರೇಗೆ ಬಂದೋರು, ಕೋರ್ಟಿಗೆ ಬಂದೋರು, ದಸರಾಕ್ಕೆ ಬಂದೋರು, ಎಲ್ಲಾ ನಮ್ಮನೇಲೆ. ಒಂದಿನ ಹದಿನಾರು ಜನ. ಮಲಗಕ್ಕೆ ಜಾಗ ಬ್ಯಾಡ್ವಾ? ನಿಮ್ಮಪ್ಪ ಕಾಸಿಲ್ಲ ಅಂದ. ನನ್ನ ಚಿನ್ನದ ಅಡ್ಡಿಗೆ ಬಿಚ್ಚಿ ಕೊಟ್ಟೆ." ಆಕೆ ಕತ್ತು ಮುಟ್ಟಿಕೊಳ್ಳಲಿಲ್ಲ, ತಾರಸಿಯ ಕಡೆ ಗಲ್ಲ ಎತ್ತಿ ತೋರಿಸಿದಳು. "ಅಲ್ಲಿ ಅದೆ ನೋಡು. ಸೋರ್ತಾ ಅದೆ."

*

ಅವತ್ತು ಸಂಜೆ ಊಟಕ್ಕೆ ಮುದ್ದೆ, ಉಪ್ಸಾರು. ದೇವರಾಜು ಮೊದಲ ತುತ್ತು ನುಂಗಿದ ಮೇಲೆ ಹೇಳಿದ. ಲಹರಿಯನ್ನು ಕರೆಸಿ ಫಾರಂ ತಿದ್ದಿಸಬೇಕು, ಇದು ತೊಟ್ಟಿಮನೆ, ನೂರು ವರ್ಷ ದಾಟಿದೆ.

ಪ್ರಸಾದ್ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. "ಯಾರಿಗೆ ಗೊತ್ತು ಇದು?"

"ನನಗೆ ಗೊತ್ತಾಯ್ತಲ್ಲ."

"ಇಪ್ಪತ್ತನೇ ತಾರೀಕು ಪಟ್ಟಿ ಹೋಗ್ತದೆ. ಹನ್ನೆರಡು ದಿನ ಬಾಯಿ ಮುಚ್ಕೊಂಡಿದ್ರೆ ಆಯ್ತು. ಬುಟ್ಬುಡಣ್ಣ."

"ಇನ್ನೂರ ಹನ್ನೊಂದು ಮನೇಲಿ ಅವರು ಬೇಡ ಅಂದ್ರೂ ಇದ್ದದ್ದು ಬರ್ದಿದ್ದೀನಿ. ಒಬ್ಬರು ಬಾಗಿಲೇ ಹಾಕ್ಕೊಂಡ್ರು, ಆದ್ರೂ ಬೀದೀಲಿ ನಿಂತು ಬರ್ದೆ. ನನ್ನ ಮನೆಗೆ ಮಾತ್ರ ಸುಳ್ಳು ಬರೀಲಾ?"

"ನಿಂಗೆ ಈ ಮನೆ ಉಳೀಬೇಕಾ?"

"ಇಲ್ಲ. ಕೆಡವಿದ್ರೂ ನನಗೇನಿಲ್ಲ. ಬರೆದಿರೋದು ತಪ್ಪು, ಅಷ್ಟೆ."

"ಕೆಡವಿದ್ರೂ ಏನಿಲ್ವಂತೆ, ಕೆಡವೋಕೂ ಬಿಡಲ್ವಂತೆ!" ಪ್ರಸಾದ್ ತಟ್ಟೆ ತಳ್ಳಿದ. "ಕೇಳಿದ್ಯೇನವ್ವ ನಿನ್ನ ಓದಿದ ಮಗನ ನ್ಯಾಯ?"

 ಗಗನ ಅಷ್ಟು ಹೊತ್ತೂ ಸಾರಿನ ಸೌಟು ಹಿಡಿದು ನಿಂತಿದ್ದವಳು ಕೇಳಿದಳು. ಧ್ವನಿ ಏರಿರಲಿಲ್ಲ.

"ಭಾವ, ಆ ಇನ್ನೂರ ಹನ್ನೊಂದು ಮನೇಲಿ ಯಾರಾದ್ರೂ ಒಬ್ಬರು ನಿಮಗೆ ದಿನಾ ಊಟ ಹಾಕ್ತಾರಾ?"

 ಅವಳು ಅವನ ತಟ್ಟೆಗೆ ಸಾರು ಬಡಿಸಿ ಒಳಗೆ ಹೋದಳು.

ಮಾರನೆಯ ದಿನದಿಂದ ಪ್ರಸಾದ್ ಅಣ್ಣನೊಡನೆ ಮಾತು ಬಿಟ್ಟ. ಹೇಳುವುದಿದ್ದರೆ ಮಗಳ ಮೂಲಕ ಹೇಳಿಸಿದ. ವಿಜಯನಗರದ ಮನೆಯವರಿಗೆ ಮುಂಗಡ ಕೊಡಲು ಸದ್ಯಕ್ಕಾಗದು ಎಂದು ಗಗನಳೇ ಫೋನು ಮಾಡಿದಳು. ಆ ಫೋಟೊ ಅವಳ ಫೋನಿನಲ್ಲಿ ಇತ್ತೋ ಅಳಿಸಿದಳೋ ಯಾರೂ ಕೇಳಲಿಲ್ಲ. ಡಬ್ಬಿಗಳು ಮೂವತ್ತೆರಡು ಎಂದಿನಂತೆ ಹೋದವು. ದೇವರಾಜು ದಿನವೂ ನಡುಮನೆ ಒರೆಸಿದ, ಮಧ್ಯದಲ್ಲಿ ಎರಡು ಸಲ ಹಿಂಡಿದ. ಸೊಂಟ ಹಿಡಿದುಕೊಂಡಿತು. ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ.

ಶುಕ್ರವಾರ ಗಗನ ಗೋಕುಲಂಗೆ ಹೋಗಿದ್ದಾಗ ಅವನು ಅಡುಗೆಮನೆಗೆ ಹೋಗಿ ಆ ಉಬ್ಬಿದ ಮೂಲೆಯನ್ನು ಬೆರಳಗಂಟಿನಿಂದ ತಟ್ಟಿ ನೋಡಿದ. 'ಟಕ್' ಎನ್ನಲಿಲ್ಲ, 'ಡೊಕ್' ಎಂದಿತು. ಚಾಕುವಿನ ತುದಿಯಲ್ಲಿ ಅಂಗೈಯಗಲ ಗಾರೆ ಕೆರೆದ. ಇಟ್ಟಿಗೆಯ ಸಂದಿನಲ್ಲಿ ದುಂಡುಗಂಬದ ಮರ ಕಂಡಿತು. ಅಷ್ಟರಲ್ಲಿ ಗಗನ ಖಾಲಿ ಚೀಲಗಳೊಂದಿಗೆ ಬಂದು ನಿಂತಿದ್ದಳು.

"ಇನ್ನು ಇದನ್ನೂ ಕೆಡವಕ್ಕೆ ಶುರು ಮಾಡಿದ್ರಾ?"

"ಇದು ತೊಟ್ಟಿಯ ಕಂಬ ಕಣಮ್ಮ. ನೀನು ನಿಂತಿರೋದು ಪಡಸಾಲೆ. ತೊಟ್ಟಿ ಸುತ್ತ ಓಡಾಡೋ ಜಾಗ. ಕಂಬದ ಮಧ್ಯೆ ಗೋಡೆ ಎಬ್ಬಿಸಿದ್ದಾರೆ. ಅದಕ್ಕೇ ಆರಡಿ, ಅದಕ್ಕೇ ಕಿಟಕಿ ಇಲ್ಲ. ಇದು ಅಡುಗೆಮನೆ ಅಲ್ಲವೇ ಅಲ್ಲ." ಹೇಳುವಾಗ ಅವನ ದನಿಯಲ್ಲಿ ಸ್ವಲ್ಪ ಸಂತೋಷವೇ ಇತ್ತು, ಲೆಕ್ಕ ಸರಿಹೋದವನ ಸಂತೋಷ.

ಗಗನ ಚೀಲ ಕೆಳಗಿಟ್ಟಳು. "ಹದಿನೆಂಟು ವರ್ಷದಿಂದ ನಾನು ಓಣೀಲಿ ಬೇಯಿಸ್ತಿದ್ದೀನಿ ಅನ್ನಿ. ಹಾಗಾದ್ರೆ ಅಡುಗೆಮನೆ ಎಲ್ಲಿತ್ತು?"

 ನಡುಮನೆಯ ಮಂಚದಿಂದ ಉತ್ತರ ಬಂತು.

"ನಿಮ್ಮ ಭಾವನ ಕೋಣೆ."

ಇಬ್ಬರೂ ಬಾಗಿಲಿಗೆ ಬಂದರು. ಚಾಮುಂಡಮ್ಮ ಕಾಲು ಚಾಚಿಕೊಂಡು ಕುಳಿತಿದ್ದಳು.

"ಇವನನ್ನ ಒಂದನೇ ಕ್ಲಾಸಿಗೆ ಹಾಕ್ದಾಗ ನಿಮ್ಮ ಮಾವ ಅಂದ್ರು, ನಮ್ಮ ವಂಶದಲ್ಲಿ ಮೊದ್ಲು ಓದೋ ಮಗ, ಗಾಳಿ ಬೆಳಕಿರೋ ಕೋಣೆ ಕೊಡ್ಬೇಕು ಅಂತ. ಮನೇಲಿ ಗಾಳಿ ಬೆಳಕು ಇದ್ದದ್ದು ಅಡುಗೆಮನೇಗೆ ಒಂದೇ. ಒಲೆ ಎತ್ತಿ ಇಲ್ಲಿಗೆ ತಂದ್ವಿ." ಕಾಲು ಒತ್ತಿಕೊಳ್ಳುತ್ತ ಹೇಳಿದಳು: "ಪುಟ್ಟತಾಯಿ ಒಂದ್ಸಲ ಕೇಳಿದ್ಲು ಕಣ್ಲಾ. ಅತ್ತೆ, ಒಲೇನ ಮತ್ತೆ ಅಲ್ಲಿಗೇ ಹಾಕನಾ, ಇಲ್ಲಿ ಉಸುರು ಕಟ್ತದೆ ಅಂತ. ಅವನು ಓದ್ಕೊಳೋ ಕೋಣೆ, ಬ್ಯಾಡ ಅಂದೆ. ಆಗ ನಿಂಗೆ ಓದೋದು ಮುಗಿದು ಹತ್ತು ವರ್ಷ ಆಗಿತ್ತು."

ದೇವರಾಜು ತನ್ನ ಕೋಣೆಗೆ ಹೋದ. ಹೊರಗಿನವರ ಮನೆಗೆ ಹೋದಂತೆ ಹೊಸ್ತಿಲಲ್ಲಿ ನಿಂತು ನೋಡಿದ. ತೊಲೆಗಳು ಕಪ್ಪಗಿದ್ದವು. ಒಳ್ಳೆಯ ತೇಗ, ವಯಸ್ಸಾಗಿ ಕಪ್ಪಾಗಿದೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದ. ಗೋಡೆಯ ಮೇಲ್ತುದಿಯ ಕಿಂಡಿಗೆ ಗುಬ್ಬಿ ಬಾರದಂತೆ ಪೇಪರು ತುರುಕಿದ್ದು ಅವನೇ. ಮಂಚದ ಒಂದು ಕಾಲು ಯಾವಾಗಲೂ ಅಲ್ಲಾಡುತ್ತಿತ್ತು. ಅದರ ಕೆಳಗೆ ರಟ್ಟು ಮಡಿಸಿ ಇಟ್ಟಿದ್ದ. ಬಗ್ಗಿ ನೋಡಿದ. ನೆಲದಲ್ಲಿ ದುಂಡಗೆ ಗಾರೆಯ ತೇಪೆ.

ಸಣ್ಣವನಿದ್ದಾಗ ಹೊಗೆಯಲ್ಲಿ ಕುಳಿತು ಉಂಡ ನೆನಪೊಂದು ಅವನಿಗಿತ್ತು. ಅದು ಮಂಡಕಳ್ಳಿಯ ಮನೆ ಎಂದು ತಿಳಿದಿದ್ದ.

*

ಕೋಣೆ ಬಿಟ್ಟುಕೊಡಬೇಕು ಎಂದು ಅವನಿಗೆ ಅನ್ನಿಸಿದ್ದು ಅವತ್ತೇ. ಕೊಡುತ್ತೇನೆ ಎಂದು ಬಾಯಿಗೆ ಬಂದದ್ದು ಐದನೆಯ ದಿನ. ನಡುವಿನ ದಿನಗಳಲ್ಲಿ ಅವನು ಕೋಣೆಯನ್ನು ಎರಡು ಸಲ ಅಳೆದ. ಹದಿನಾಲ್ಕು ಅಡಿಗೆ ಹನ್ನೆರಡು, ಪೂರ್ವಕ್ಕೂ ಹಿತ್ತಲ ಕಡೆಗೂ ಕಿಟಕಿ. ಐವತ್ತೈದು ವರ್ಷ ಅದೇ ಕಿಟಕಿಯ ಬೆಳಕಿಗೆ ಎದ್ದಿದ್ದ. ಬೀರು, ಪುಸ್ತಕ, ಹೆಂಡತಿಯ ಟ್ರಂಕು, ಎಲ್ಲ ಎಲ್ಲಿಗೆ? ಫಾರಂ ತಿದ್ದಿಸದೇ ಬಿಟ್ಟರೆ ಇದಾವುದೂ ಬೇಕಿಲ್ಲ ಎಂದೂ ಒಂದು ಮಧ್ಯಾಹ್ನ ಯೋಚಿಸಿದ. ಫಾರಮನ್ನು ಹಾಗೇ ಬಿಟ್ಟರೂ ಕೋಣೆ ತಪ್ಪಾಗಿಯೇ ಇರುತ್ತದೆ ಎಂದು ಆಮೇಲೆ ಹೊಳೆಯಿತು.

ಸಂಕ್ರಾಂತಿಯ ಬೆಳಗ್ಗೆ ಗಗನ ಎಳ್ಳುಬೆಲ್ಲದ ಪೊಟ್ಟಣ ಕಟ್ಟುತ್ತಿದ್ದಳು.

"ಆ ಯೋಗಶಾಲೆಯೋರಿಗೆ ಹೇಳಾಯ್ತೇನಮ್ಮ?"

"ಇವತ್ತು ಹೇಳ್ಬೇಕು. ಆಗಲ್ಲ ಅಂತ."

"ಆಗುತ್ತೆ ಅಂತ ಹೇಳು."

ಅವಳು ತಲೆ ಎತ್ತಿದಳು. ಅವನು ತನ್ನ ಕೋಣೆಯ ಕಡೆ ಕೈ ತೋರಿಸಿದ. ಅವಳು ಪೊಟ್ಟಣ ಕೆಳಗಿಟ್ಟು ಆ ಕಡೆ ನೋಡಿದಳು.

"ನೀವೆಲ್ಲಿ ಮಲಗ್ತೀರಿ?"

"ತೊಟ್ಟೀಲಿ. ಅವ್ವನ ಪಕ್ಕ."

"ಮುಂಚೇನೇ ಹೇಳಿದ್ರೆ ಹಬ್ಬಕ್ಕೆ ಮೊದಲೇ ಸುಣ್ಣ ಹೊಡೆಸ್ಬೋದಿತ್ತು," ಎಂದಳು ಗಗನ. "ಈಗ ಗ್ಯಾಸಿನೋನು ಬೇರೆ ಎರಡು ದಿನ ರಜ." ಎದ್ದು ಒಳಗೆ ಹೋದವಳು ಮತ್ತೆ ಬಂದು ಅವನ ಕೈಗೆ ಒಂದು ಪೊಟ್ಟಣ ಇಟ್ಟಳು. "ತಗೊಳ್ಳಿ. ಒಳ್ಳೇ ಮಾತಾಡಿದ್ದಕ್ಕೆ." ಅದು ಹೊಗಳಿಕೆಯೋ ಚುಚ್ಚು ಮಾತೋ ತಿಳಿಯಲಿಲ್ಲ.

ಹದಿನೇಳಕ್ಕೆ ಕೋಣೆ ಖಾಲಿ ಮಾಡಿದರು. ದೇವರಾಜು ಮಂಚದ ಒಂದು ತುದಿ ಹಿಡಿದು ಎತ್ತಲಾಗದೆ ಸೊಂಟ ಹಿಡಿದು ನಿಂತಾಗ, ಇನ್ನೊಂದು ತುದಿಗೆ ಪ್ರಸಾದ್ ಬಂದು ಕೈಹಾಕಿದ. ಒಂಬತ್ತು ದಿನದ ಮೇಲೆ ಮೊದಲ ಮಾತು.

"ಬರೆಸೋದು ಬರೆಸೋದೇನಾ?"

"ಬರೆಸೋದೆ."

"ನೀನು ಮನುಷ್ಯ ಅಲ್ಲ ಕಣಣ್ಣ, ಕಲ್ಲು." ಮಂಚ ಎತ್ತಿದ. "ಹಿಡಿ ಸರಿಯಾಗಿ. ಬಾಗಿಲಿಗೆ ತಾಗ್ತದೆ."

ಮಂಚವಿದ್ದ ಜಾಗ ಬೋಳಾಯಿತು. ಚಾಮುಂಡಮ್ಮ ಸಿಂಚನಳ ಭುಜ ಹಿಡಿದು ಕುಂಟುತ್ತ ಬಂದು ನೆಲದ ತೇಪೆಯನ್ನು ಕಾಲ ಹೆಬ್ಬೆರಳಿನಿಂದ ಮುಟ್ಟಿದಳು. "ಒರಳು ಇಲ್ಲೇ. ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಪಕ್ಕ ಬಿದ್ದದಲ್ಲ, ಅದೇಯ. ಒಲೆ ಅಲ್ಲಿ. ಕಿಂಡಿಯಿಂದ ಆ ಪೇಪರು ಕೀಳ್ಸು ಮೊದಲು." ಪ್ರಸಾದ್ ಸ್ಟೂಲು ಹತ್ತಿ ಪೇಪರು ಕಿತ್ತ. ಧೂಳಿನ ಜೊತೆಗೆ ಬಿಸಿಲಿನ ಒಂದು ಪಟ್ಟಿ ಒಳಗೆ ಬಿತ್ತು.

*

ಹತ್ತೊಂಬತ್ತರ ಬೆಳಗ್ಗೆ ಲಹರಿ ಬಂದಳು. ಹೊಸ ಫಾರಂ ಬೇಡ, ಹಳೆಯದರಲ್ಲೇ ತಿದ್ದಿ ಸಹಿ ಮಾಡಿದರೆ ಸಾಕೆಂದು ಕಚೇರಿಯಲ್ಲಿ ಹೇಳಿದ್ದರಂತೆ. ನಡುಮನೆಯ ಚೌಕ ಅಳೆದಳು, ಕೆರೆದ ಗಾರೆಯೊಳಗಿನ ಕಂಬದ ಫೋಟೊ ತೆಗೆದಳು. ಶೈಲಿಯ ಮುಂದಿದ್ದ 'ಸಾಧಾರಣ' ಹೊಡೆದು 'ತೊಟ್ಟಿಮನೆ' ಎಂದು ಬರೆದಳು. 'ಶಿಫಾರಸು ಇಲ್ಲ' ಎಂಬಲ್ಲಿ 'ಇಲ್ಲ' ಹೊಡೆದು 'ಇದೆ' ಮಾಡಿದಳು. ಅಂಗಡಿಗೆ ಹೊರಟಿದ್ದ ಪ್ರಸಾದ್ ಅದನ್ನು ನೋಡಿಯೂ ನೋಡದಂತೆ ಚಪ್ಪಲಿ ಮೆಟ್ಟಿಕೊಂಡು ಹೋದ. ನಕ್ಷೆ ಬೀರುವಿನ ಮೇಲೆ ಸುರುಳಿಯಾಗಿ ಬಿದ್ದಿತ್ತು. ಕಮಿಟಿ ಒಪ್ಪಲು ಒಂದು ವರ್ಷವೋ ಎರಡು ವರ್ಷವೋ ರುದ್ರಸ್ವಾಮಿಗೂ ಗೊತ್ತಿರಲಿಲ್ಲ.

"ನಾನು ಮುಖ ನೋಡಿ ಇಸವಿ ಹೇಳಿದೆ ನೋಡಮ್ಮ," ದೇವರಾಜು ಹೇಳಿದ. "ಐವತ್ತೊಂಬತ್ತು ವರ್ಷ ಒಳಗೇ ಇದ್ದು."

ಲಹರಿ ಪುಟ ತಿರುಗಿಸಿದಳು.

ಮಂಚದ ಮೇಲಿದ್ದ ಚಾಮುಂಡಮ್ಮ ತಲೆ ಎತ್ತಿ ಗಾಳಿ ಮೂಸಿದಳು. "ಸಿಂಚು, ನಿಮ್ಮವ್ವ ಇನ್ನೂ ಒಗ್ಗರಣೆ ಹಾಕ್ಲಿಲ್ವಾ? ಹೊತ್ತಾಗ್ಲಿಲ್ವಾ?"

"ಆಗ್ಲೇ ಹಾಕಾಯ್ತು ಅಜ್ಜಿ."

"ಘಾಟೇ ಬರ್ನಿಲ್ಲ."

"ಸರ್, ಕಾಲಂ ಹದಿನಾಲ್ಕು," ಲಹರಿ ಪೆನ್ನು ಹಿಡಿದು ಕೇಳಿದಳು. "ಮೂಲ ಅಡುಗೆಮನೆಯ ಈಗಿನ ಬಳಕೆ."

"ಅವತ್ತು ಏನಂತ ಬರೆದಿದ್ವಿ?"

"'ಬದಲಾಗಿಲ್ಲ. ಅಡುಗೆಮನೆ' ಅಂತ."

ಒಳಗೆ ಡಬ್ಬಿಗಳ ಮುಚ್ಚಳ ಒಂದೊಂದಾಗಿ ಬೀಳುವ ಸದ್ದು. ದೇವರಾಜು ಬಕೆಟ್ಟಿಗೆ ನೀರು ಹಿಡಿಯಲು ಏಳುತ್ತ ಹೇಳಿದ.

"ಅಡುಗೆಮನೆ ಅನ್ನೋದು ಹಾಗೇ ಇರ್ಲಿ. 'ಬದಲಾಗಿಲ್ಲ' ಅನ್ನೋದು ಹೊಡೆದುಹಾಕು."